ಎತ್ತಿಟ್ಟದ್ದು ಯಾರ ಕೈಗೆ?

ಉತ್ತರ ಕರ್ನಾಟಕದ ಹಳ್ಳಿಮನೆಗಳಲ್ಲಿ ಹೆಣ್ಣುಮಕ್ಕಳು ತಲೆ ಬಾಚಿದ ಮೇಲೆ ಹಣಿಗೆಗೆ ಸಿಕ್ಕ ಕೂದಲನ್ನು ಎಸೆಯುವುದಿಲ್ಲ. ಬೆರಳಿಗೆ ಸುತ್ತಿ ಸಣ್ಣ ಉಂಡೆ ಮಾಡಿ ಗೋಡೆಯ ಬಿರುಕಿನಲ್ಲೋ ಹಂಚಿನ ಸಂದಿಯಲ್ಲೋ ತುರುಕಿಡುತ್ತಾರೆ. ಆಗೊಮ್ಮೆ ಈಗೊಮ್ಮೆ ಓಣಿಗೆ ಬರುವ ವ್ಯಾಪಾರಿ ಆ ಉಂಡೆಗಳನ್ನು ಪಡೆದು ಬದಲಿಗೆ ಬಟ್ಟಲನ್ನೋ, ಪಿನ್ನುಗಳನ್ನೋ, ಮಕ್ಕಳಿಗೆ ಪುಗ್ಗೆಯನ್ನೋ ಕೊಟ್ಟು ಹೋಗುತ್ತಾನೆ. ಹೀಗೆ ಮನೆಮನೆಯಿಂದ ಕೂಡಿದ ಕೂದಲು ಮೂಟೆಯಾಗಿ ಕೊಪ್ಪಳದ ಮಗ್ಗುಲಲ್ಲೇ ಇರುವ ಭಾಗ್ಯನಗರಕ್ಕೆ ಬಂದು ಬೀಳುತ್ತದೆ.

ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲು ಬುಡದಿಂದ ತುದಿಯವರೆಗೆ ಒಂದೇ ದಿಕ್ಕಿನಲ್ಲಿರುತ್ತದೆ. ಹಣಿಗೆಯ ಕೂದಲು ಹಾಗಲ್ಲ. ಅದರಲ್ಲಿ ಬುಡ ಒಂದು ಕಡೆ, ತುದಿ ಇನ್ನೊಂದು ಕಡೆ. ಎಳೆಯ ಮೈಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಎದುರುಬದುರಾಗಿ ಸಿಕ್ಕುಗಟ್ಟುತ್ತವೆ. ಅದಕ್ಕೇ ಅದಕ್ಕೆ ಬೆಲೆ ಕಡಿಮೆ, ಕೆಲಸ ಬಹಳ. ಭಾಗ್ಯನಗರದಲ್ಲಿ ಹೆಂಗಸರು ನೆಲದ ಮೇಲೆ ಕುಳಿತು ಸೂಜಿಮೊನೆಯಿಂದ ಒಂದೊಂದೇ ಎಳೆ ಬಿಡಿಸುತ್ತಾರೆ, ಬಿಳಿಗೂದಲು ಆರಿಸುತ್ತಾರೆ. ತೊಳೆದು ಒಣಗಿಸಿದ ಮೇಲೆ ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಕೊನೆಗೆ ಅದು ದೂರದ ದೇಶದ ಯಾರದೋ ತಲೆಯ ಮೇಲೆ ವಿಗ್ ಆಗಿ ಕೂರುತ್ತದೆ. ಕಚ್ಚಾ ಕೂದಲೇ ಹಾಗೆಹಾಗೇ ಗಡಿ ದಾಟಿ ಇಲ್ಲಿನವರ ಕೈಕೆಲಸ ತಪ್ಪುತ್ತಿದೆ ಎಂಬ ದೂರು ಬಲವಾದಾಗ, ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಅದರ ರಫ್ತಿಗೆ ನಿರ್ಬಂಧ ಹಾಕಿತು. ಗೋಡೆಯ ಬಿರುಕಿನಲ್ಲಿಟ್ಟ ಉಂಡೆಯ ಹಿಂದೆ ಇಷ್ಟು ದೊಡ್ಡ ಸಾಲೇ ಇದೆ.

ಮನೆಯ ಚೂರುಪಾರುಗಳನ್ನು ‘ಇರಲಿ, ಯಾವುದಕ್ಕಾದರೂ ಆಗುತ್ತೆ’ ಎಂದು ಎತ್ತಿಡುವ ಅಭ್ಯಾಸದ ಬಗ್ಗೆ ಇಂದು ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ಅದನ್ನು ಹಿರಿಯರ ಮಿತವ್ಯಯವೆಂದು ಹೊಗಳುತ್ತದೆ. ಇನ್ನೊಂದು ಅದನ್ನು ಬಿಡಬೇಕಾದ ಚಟವೆಂದು ತೆಗಳುತ್ತದೆ. ಎರಡೂ ಎತ್ತಿಡುವವರ ಗುಣವನ್ನಷ್ಟೇ ನೋಡುತ್ತವೆ. ಎತ್ತಿಟ್ಟ ವಸ್ತು ಆಮೇಲೆ ಯಾರ ಕೈಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಕೊಪ್ಪಳದ ಸೀಮೆಯ ಹೆಂಗಸು ಕೂದಲು ಕೂಡಿಡುವುದು ಓಣಿಗೆ ಬರುವವನೊಬ್ಬ ಇದ್ದಾನೆಂಬ ಭರವಸೆಯಿಂದ. ಅವನು ಬರುವುದು ನಿಂತರೆ ಬಿರುಕಿನಲ್ಲಿ ಉಳಿಯುವುದು ಬರೀ ಕಸ. ಎತ್ತಿಡುವ ಅಭ್ಯಾಸಕ್ಕೆ ಜೀವ ಕೊಡುತ್ತಿದ್ದದ್ದು ಮನೆಯ ಹೊರಗಿದ್ದ ಕಸುಬುಗಾರರು. ನಾವು ಅಭ್ಯಾಸವನ್ನು ಉಳಿಸಿಕೊಂಡೆವು, ಕಸುಬುಗಾರರನ್ನು ಕೈಬಿಟ್ಟೆವು. ಇಂದಿನ ತೊಡಕಿನ ಬೇರು ಇಲ್ಲಿದೆ.

ಕೌದಿಯನ್ನೇ ನೋಡಬಹುದು. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಹರಿದ ಸೀರೆ, ಸವೆದ ಧೋತರ, ಮಕ್ಕಳ ಹಳೆ ಅಂಗಿ ಇವೆಲ್ಲ ಒಂದು ಗಂಟಿಗೆ ಸೇರುತ್ತಿದ್ದವು. ಆ ಗಂಟು ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತಿರಲಿಲ್ಲ. ಸುಗ್ಗಿ ಮುಗಿದು ಹೊಲದ ಕೆಲಸ ಇಳಿದ ಬೇಸಿಗೆಯಲ್ಲಿ, ಮಳೆ ಬೀಳುವುದರೊಳಗೆ, ಅದನ್ನು ಬಿಚ್ಚುತ್ತಿದ್ದರು. ಗಟ್ಟಿಯಿದ್ದ ಸೀರೆಯನ್ನು ಅಂಗಳದಲ್ಲಿ ಹಾಸಿ, ಅದರ ಮೇಲೆ ಮೆತ್ತನೆಯ ತುಂಡುಗಳನ್ನು ಪದರ ಪದರವಾಗಿ ಹರವಿ, ಮೇಲೆ ಬಣ್ಣ ನೋಡಿ ತೇಪೆ ಹೊಂದಿಸುತ್ತಿದ್ದರು. ನಾಲ್ಕು ಅಂಚಿಗೂ ಹೆಂಗಸರು ಕೂತರೆ ಹೊಲಿಗೆ ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಸಾಗಿ ನಡುವಿನಲ್ಲಿ ಬಂದು ಕೂಡುತ್ತದೆ. ಇಲಕಲ್ ಸೀರೆಯ ಸೆರಗಿನ ತುಂಡೊಂದು ಸಿಕ್ಕರೆ ಅದನ್ನು ಎದ್ದು ಕಾಣುವ ಜಾಗಕ್ಕೆ ಇಡುತ್ತಿದ್ದರು. ಅಜ್ಜಿಯ ಸೀರೆ ನೂರಾರು ಒಗೆತ ಕಂಡು ಎಷ್ಟು ಮೆತ್ತಗಾಗಿರುತ್ತದೆಂದರೆ ಬಾಣಂತಿ ಕೋಣೆಯ ಕೂಸಿಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಅಂಗಡಿಯಲ್ಲಿ ಸಿಗುವುದಿಲ್ಲ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗೆ ಇನ್ನೊಂದು ಚೆಲುವಿದೆ. ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ತುಂಡುಗಳನ್ನು ಹೂವಿನಂತೆ ಕೂರಿಸುತ್ತಾರೆ, ಅದಕ್ಕೆ ‘ಫೂಲ’ ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಮುಗಿದ ಕೌದಿಯೇ ಅಲ್ಲ. ಆಫ್ರಿಕಾ ಮೂಲದ ಈ ಸಮುದಾಯದ ಹೊಲಿಗೆ ಇಂದು ಹೊರದೇಶದ ಕಲಾಪ್ರದರ್ಶನಗಳವರೆಗೆ ಹೋಗಿದೆ. ಕಾಡಂಚಿನ ಬಡ ಮನೆಯಲ್ಲಿ ಎತ್ತಿಟ್ಟ ಚಿಂದಿಯಿಂದಲೇ ಅದು ಹುಟ್ಟಿತು ಎಂಬುದನ್ನು ಮರೆಯಬಾರದು.

ಕೌದಿ ಹೊಲಿಯಲು ಕೈ ಸಾಗದ ಮನೆಗಳಿಗೆ ಊರೂರು ತಿರುಗಿ ಹೊಲಿದುಕೊಡುವ ಹೆಂಗಸರಿದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಅವರಿಗೆ ಕಾಳು, ಊಟ, ಕೂಲಿ ಸಲ್ಲುತ್ತಿತ್ತು. ಇಂದು ಹುಬ್ಬಳ್ಳಿಯದೋ ಬೆಂಗಳೂರಿನದೋ ಅಪಾರ್ಟ್‌ಮೆಂಟಿನ ಕಪಾಟಿನಲ್ಲಿ ಅದೇ ಸೀರೆಯ ಗಂಟು ಇದೆ. ಹೊಲಿಯುವವರಿಲ್ಲ, ನಾಲ್ಕು ಮಂದಿ ಕೂರುವ ಅಂಗಳವಿಲ್ಲ, ಬೇಸಿಗೆಯ ಬಿಡುವೂ ಇಲ್ಲ. ಅದರ ಮೇಲೆ ಪಾಲಿಯೆಸ್ಟರ್ ಬಟ್ಟೆ ಹತ್ತಿಯಂತೆ ಸವೆಯುತ್ತ ಸವೆಯುತ್ತ ಮೆತ್ತಗಾಗುವುದಿಲ್ಲ, ಬೆವರನ್ನೂ ಹೀರುವುದಿಲ್ಲ. ಗಂಟು ಕಟ್ಟುವುದು ಮಾತ್ರ ನಿಂತಿಲ್ಲ.

ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳ ಅಟ್ಟಕ್ಕೂ ಇಂಥದೇ ಒಂದು ಲೆಕ್ಕವಿತ್ತು. ಒಲೆಯ ಹೊಗೆ ತಾಗುವ ಕಡೆ ಇಟ್ಟ ವಸ್ತುವಿಗೆ ಹುಳ ಹಿಡಿಯದು, ತೇವ ಸೇರದು. ಸೌತೆಬೀಜ ಬೂದಿಯೊಡನೆ ಸೇರಿ ಗೋಡೆಗೆ ಅಂಟಿ ಕೂರುತ್ತಿತ್ತು. ಮಂಗಳೂರು ಸೌತೆ ಬಾಳೆನಾರಿನ ಕುಣಿಕೆಯಲ್ಲಿ ಜಂತಿಯಿಂದ ಇಳಿಬಿದ್ದು ಮಳೆಗಾಲದ ಹುಳಿಗೆ ಕಾಯುತ್ತಿತ್ತು. ತೆಂಗಿನ ಕರಟ ಸೌಟಾಗುತ್ತಿತ್ತು, ಉಳಿದದ್ದು ಬಚ್ಚಲೊಲೆಗೆ. ಗರಿಯ ಕಡ್ಡಿ ಹಿಡಿಸೂಡಿಗೆ, ಅಡಿಕೆ ಹಾಳೆ ಟೊಪ್ಪಿಗೆ, ಒಲೆಯ ಬೂದಿ ಪಾತ್ರೆ ತಿಕ್ಕಲು. ಕೊನೆಗೆ ಎಲ್ಲವೂ ಗೊಬ್ಬರಗುಂಡಿಯ ಪಾಲು. ಈ ಮನೆಗಳವರು ಇಂದಿನವರಿಗಿಂತ ಸಂಯಮಿಗಳಾಗಿದ್ದರೋ ಏನೋ ಹೇಳಲಾಗದು. ಅವರ ಬಳಿಯಿದ್ದ ವಸ್ತುಗಳು ಸುಡುವ, ಕೊಳೆಯುವ, ಹೊಲಿಯಬಹುದಾದ ವಸ್ತುಗಳಾಗಿದ್ದವು ಎಂಬುದು ಮಾತ್ರ ನಿಜ. ಎತ್ತಿಟ್ಟದ್ದು ತಪ್ಪಾದರೂ ಮಣ್ಣು ಆ ತಪ್ಪನ್ನು ತಿದ್ದುತ್ತಿತ್ತು.

ಆಮೇಲೆ ಡಬ್ಬಿ ಬಂತು. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂದ ಮೇಲೆ ಅದರ ತಗಡಿನ ಡಬ್ಬಿ ಎಷ್ಟು ಮನೆಗಳಲ್ಲಿ ತುಳಸಿ ಕುಂಡವಾಯಿತು, ಅಕ್ಕಿ ಅಳೆಯುವ ಪಾವಾಯಿತು ಎಂಬುದಕ್ಕೆ ಲೆಕ್ಕವಿಲ್ಲ. ಎಣ್ಣೆಯ ದೊಡ್ಡ ಟಿನ್ ಹಿಟ್ಟಿಗೆ, ಹಾರ್ಲಿಕ್ಸ್ ಬಾಟಲಿ ಉಪ್ಪಿನಕಾಯಿಗೆ, ನಂದಿನಿ ಹಾಲಿನ ಕವರ್ ತೊಳೆದು ಒಣಗಿಸಿದರೆ ಸಸಿ ನೆಡಲು. ಆ ಕಾಲದಲ್ಲಿ ಇವನ್ನು ಎಸೆಯುವುದು ದಡ್ಡತನವೇ ಆಗಿತ್ತು. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು, ಟೆಲಿಫೋನಿಗೂ ಅಷ್ಟೇ. ಸಕ್ಕರೆ, ಸೀಮೆಎಣ್ಣೆಗೆ ರೇಷನ್ ಅಂಗಡಿಯ ಮುಂದೆ ಸಾಲು. ಬೇಕಾದಾಗ ಹೊಸದು ಸಿಗುತ್ತದೆಂಬ ಖಾತ್ರಿಯೇ ಇಲ್ಲದ ನಾಡಿನಲ್ಲಿ ಹಳೆಯ ಸ್ಕ್ರೂ, ವಾಷರ್, ತಂತಿಯ ತುಂಡು ಒಂದು ಬಗೆಯ ವಿಮೆ. 1991ಕ್ಕಿಂತ ಮುಂಚೆ ಸಂಸಾರ ನಡೆಸಿದವರು ಇವತ್ತಿಗೂ ರಬ್ಬರ್ ಬ್ಯಾಂಡನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸುವುದನ್ನು ಕಂಡು ಮಕ್ಕಳು ರೇಗಬಾರದು. ಅದು ಅನುಭವ ಕಲಿಸಿದ ಜಾಣತನ.

ಆ ಜಾಣತನ ಎಡವುವುದು ಸಂಖ್ಯೆಯ ಮುಂದೆ. ತಿಂಗಳಿಗೊಂದು ಬಾಟಲಿ ಬರುವ ಮನೆಯಲ್ಲಿ ಬಾಟಲಿಗೊಂದು ಕೆಲಸ ಹುಡುಕಬಹುದು. ಒಂದು ಭಾನುವಾರದ ಊಟ ತರಿಸಿದರೆ ನಾಲ್ಕಾರು ಪ್ಲಾಸ್ಟಿಕ್ ಡಬ್ಬಿ, ಅಷ್ಟೇ ಮುಚ್ಚಳ, ಚಮಚ, ಚೀಲ ಬರುವ ಮನೆಯಲ್ಲಿ ಯಾವ ಮಿತವ್ಯಯಿಯೂ ಗೆಲ್ಲಲಾರ. ಒಮ್ಮೆ ಬಳಸಿ ಬಿಡಲೆಂದು ಮಾಡಿದ ಆ ತೆಳು ಡಬ್ಬಿಗಳಲ್ಲಿ ಬಿಸಿ ಸಾರು, ಎಣ್ಣೆ ಪದಾರ್ಥ ತುಂಬುತ್ತ ಹೋಗುವುದು ಒಳ್ಳೆಯದೂ ಅಲ್ಲ. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆಗಳಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ತೆಳು ಪದರಗಳು ಬೇರ್ಪಡಿಸಲಾಗದಂತೆ ಅಂಟಿಕೊಂಡಿರುತ್ತವೆ. ಅದನ್ನು ಹೊಲಿಯಲಾಗದು, ಸುಡಬಾರದು, ಗುಜರಿಯವನೂ ಮುಟ್ಟುವುದಿಲ್ಲ. ಇಂಥ ಸರಕನ್ನು ತಯಾರಿಸುವವರು ಅದರ ಕೊನೆಯ ಹೊಣೆಯನ್ನು ಗೃಹಿಣಿಯ ಮಿತವ್ಯಯದ ಮೇಲೆ ಹೊರಿಸುವುದು ಅನ್ಯಾಯ.

ಹಾಗಾದರೆ ಎಲ್ಲವನ್ನೂ ಬಿಸಾಡಿ ಹಗುರಾಗಬೇಕೆ? ಜಪಾನಿನ ಮಾರಿ ಕೊಂಡೊ 2011ರಲ್ಲಿ ಅಲ್ಲಿ ಪ್ರಕಟಿಸಿದ ಪುಸ್ತಕ ಜಗತ್ತಿನ ತುಂಬ ಹರಡಿತು. ಕೈಯಲ್ಲಿ ಹಿಡಿದಾಗ ಮನಸ್ಸಿಗೆ ಮುದ ಕೊಡದ ವಸ್ತುವನ್ನು ಧನ್ಯವಾದ ಹೇಳಿ ಬೀಳ್ಕೊಡಿ ಎಂಬುದು ಅವರ ಹೆಸರಾದ ಸೂತ್ರ. ಬಟ್ಟೆಯ ಕಪಾಟಿಗೆ ಇದು ಒಪ್ಪಬಹುದು. ಕುಕ್ಕರಿನ ಹೆಚ್ಚುವರಿ ಗ್ಯಾಸ್ಕೆಟ್ ಯಾರಿಗೂ ಮುದ ಕೊಡುವುದಿಲ್ಲ. ಬೆಳಗಿನ ಏಳು ಗಂಟೆಗೆ, ಶಾಲೆಯ ವ್ಯಾನ್ ಬರುವ ಮುನ್ನ, ಹಳೆಯದು ಹರಿದು ಸೀಟಿ ಕೂಗದೆ ಹೋದಾಗ ಅದರ ಬೆಲೆ ತಿಳಿಯುತ್ತದೆ. ಬೇಕಾದಾಗ ಮತ್ತೆ ಕೊಳ್ಳಬಲ್ಲವರಿಗೆ ಬಿಸಾಡುವುದು ಸುಲಭ. ತಿಂಗಳ ಕೊನೆಯ ವಾರ ಲೆಕ್ಕ ಹಾಕುವ ಮನೆಗೆ ಈ ಸೂತ್ರವನ್ನು ಹಾಗೆಯೇ ಹೇಳುವುದರಲ್ಲಿ ಒಂದಿಷ್ಟು ಕುರುಡುತನವಿದೆ.

ಕೈಯಲ್ಲಿದ್ದದ್ದಕ್ಕೆ ಮನಸ್ಸು ಹೆಚ್ಚು ಬೆಲೆ ಕಟ್ಟುತ್ತದೆಂಬುದೂ ಸುಳ್ಳಲ್ಲ. ಡೇನಿಯಲ್ ಕಾನ್‌ಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಮಾರುವುದಾದರೆ ಎಷ್ಟು ಬೇಕೆಂದು ಕೇಳಿದರು. ಮಗ್ ಇಲ್ಲದವರು ಕೊಡಲು ಸಿದ್ಧವಿದ್ದ ಬೆಲೆಯ ಎರಡು ಪಟ್ಟಿಗೂ ಹೆಚ್ಚನ್ನು ಮಗ್ ಸಿಕ್ಕವರು ಕೇಳಿದರು. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹೀಗಾದರೆ ಮದುವೆಯಲ್ಲಿ ಬಂದ ಹಿತ್ತಾಳೆ ಕೊಡಪಾನದ ಮಾತೇನು? ಇದು ಅತಿಯಾಗಿ, ಮಲಗಲು ಮಂಚ, ಅಡುಗೆಗೆ ಕಟ್ಟೆ ಉಳಿಯದಷ್ಟು ವಸ್ತು ತುಂಬಿ, ಒಂದನ್ನು ತೆಗೆಯಲು ಹೋದರೂ ಎದೆ ಹೊಡೆದುಕೊಳ್ಳುವ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿತು. ಅಂಥವರಿಗೆ ಬೇಕಾದದ್ದು ವೈದ್ಯರ ನೆರವು. ಅಟ್ಟದಲ್ಲಿ ನಾಲ್ಕು ಡಬ್ಬಿ ಇಟ್ಟ ಅಜ್ಜಿಗೆ ಆ ಹೆಸರು ಅಂಟಿಸಿ ನಗುವುದು ರೋಗಿಗೂ ಅವಮಾನ, ಅಜ್ಜಿಗೂ ಅವಮಾನ.

ಎತ್ತಿಡಲೇಬಾರದ ಕೆಲವು ವಸ್ತುಗಳಿವೆ, ಅಲ್ಲಿ ರಾಜಿ ಸಲ್ಲದು. ತಾರಸಿಯ ಮೂಲೆಯ ಹಳೆ ಟೈರು, ಬಾಯಿ ತೆರೆದ ಕರಟ, ಒಡೆದ ಬಕೆಟ್ಟು ಇವುಗಳಲ್ಲಿ ನಿಂತ ಅಂಗೈಯಷ್ಟು ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಾಕು. ಪಾತ್ರೆಯ ಒಳಮೈಗೆ ಅಂಟಿಕೊಂಡ ಅದರ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲದು. ನೀರು ಚೆಲ್ಲಿದರೆ ಸಾಲದು, ಉಜ್ಜಿ ತೊಳೆಯಬೇಕು. 2024ರಲ್ಲಿ ಡೆಂಗಿ ಏರಿದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಬಚ್ಚಲೊಲೆ ಉರಿಯುತ್ತಿದ್ದ ಮನೆಯಲ್ಲಿ ಕರಟ ಮಳೆಗಾಲದವರೆಗೆ ಉಳಿಯುತ್ತಲೇ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಗೀಸರ್ ಬಂತು, ಕರಟ ತಾರಸಿಗೆ ಹೋಯಿತು.

ಇನ್ನೊಂದು, ಮದ್ದಿನ ಡಬ್ಬಿ. ಕಳೆದ ಬಾರಿಯ ಜ್ವರಕ್ಕೆ ಕೊಟ್ಟ ಆಂಟಿಬಯಾಟಿಕ್‌ನ ಅರ್ಧ ಪಟ್ಟಿ ಎಷ್ಟೋ ಮನೆಗಳ ಫ್ರಿಜ್ಜಿನ ಮೇಲೆ ಕಾಯುತ್ತಿರುತ್ತದೆ. ಮುಂದಿನ ಜ್ವರ ವೈರಸ್ಸಿನದಾಗಿದ್ದರೆ ಆ ಗುಳಿಗೆಯಿಂದ ಏನೂ ಆಗದು. ಬ್ಯಾಕ್ಟೀರಿಯಾದ್ದಾಗಿದ್ದರೂ ಉಳಿದ ಎರಡು ಮೂರು ಗುಳಿಗೆ ಅದನ್ನು ಮಣಿಸಲು ಸಾಲದೆ, ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚಲು ದಾರಿಯಾಗುತ್ತದೆ. ಉಳಿಸಿದ ನೂರು ರೂಪಾಯಿಯ ಹಾನಿ ಅಕ್ಕಪಕ್ಕದ ಮನೆಗಳಿಗೂ ತಟ್ಟುತ್ತದೆ.

ಇವನ್ನು ಬಿಟ್ಟು ಉಳಿದದ್ದಕ್ಕೆ ಬರೋಣ. ಯಾವುದೇ ಊರಿನ ಹಳೆಯ ಪೇಟೆಯ ಮಿಕ್ಸಿ ರಿಪೇರಿ ಅಂಗಡಿ ಎತ್ತಿಡುವ ವಿದ್ಯೆಯ ಒಳ್ಳೆಯ ಪಾಠಶಾಲೆ. ಹತ್ತಡಿ ಜಾಗ, ಗೋಡೆ ತುಂಬ ಜಾರುಗಳು, ಬಿಸ್ಕತ್ತಿನ ಟಿನ್ನುಗಳ ಸಾಲು. ಮಿಕ್ಸಿ ತಿರುಗುವುದಿಲ್ಲವೆಂದು ತಂದಿಟ್ಟರೆ ಮೆಕ್ಯಾನಿಕ್ ಜಾರ್ ಎತ್ತಿ ತಳ ನೋಡುತ್ತಾನೆ. ಜಾರಿಗೂ ಮೋಟರಿಗೂ ನಡುವೆ ಇರುವ ಹಲ್ಲಿನ ಕಪ್ಲರ್ ಸವೆದು ನುಣುಪಾಗಿರುತ್ತದೆ. ಬ್ಲೇಡು ಸಿಕ್ಕಿಕೊಂಡಾಗ ಮೋಟರ್ ಸುಡದಿರಲೆಂದು ಮೊದಲು ತಾನೇ ಸವೆಯುವಂತೆ ಮಾಡಿದ ಅಗ್ಗದ ಭಾಗ ಅದು. ಒಂದು ಟಿನ್ ಬಗ್ಗಿಸಿ ಇಪ್ಪತ್ತು ಕಪ್ಲರ್‌ಗಳ ನಡುವೆ ಬೆರಳಾಡಿಸಿ, ಹಲ್ಲು ಎಣಿಸಿ, ಸರಿಯಾದದ್ದನ್ನು ತಿರುಗಿಸಿ ಕೂರಿಸುತ್ತಾನೆ. ಸ್ವಿಚ್ ಒತ್ತಿ ಕಿವಿಗೊಡುತ್ತಾನೆ. ಸದ್ದು ಒರಟಾಗಿದ್ದರೆ ಕಾರ್ಬನ್ ಬ್ರಷ್ ತೆಗೆದು ಇನ್ನೆಷ್ಟು ಉಳಿದಿದೆಯೆಂದು ಉಗುರಿನಲ್ಲಿ ಅಳೆಯುತ್ತಾನೆ. ಇದೇ ಕಪ್ಲರ್ ಮನೆಯ ಡ್ರಾಯರಿನಲ್ಲಿ ಇದ್ದಿದ್ದರೆ ಹತ್ತು ವರ್ಷವಾದರೂ ಹೆಸರಿಲ್ಲದ ಪ್ಲಾಸ್ಟಿಕ್ ತುಂಡಾಗಿಯೇ ಬಿದ್ದಿರುತ್ತಿತ್ತು. ಟಿನ್ನು ಅದೇ, ಚೂರುಪಾರು ಅದೇ. ಅದರೊಳಗಿನ ಪ್ರತಿಯೊಂದಕ್ಕೂ ಯಾವ ಕೆಲಸವೆಂದು ಬಲ್ಲವನೊಬ್ಬ ಅಲ್ಲಿದ್ದಾನೆ, ಅಷ್ಟೇ ಅಂತರ.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳು, ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಮಳಿಗೆಗಳು ಇದೇ ಅರಿವಿನ ದೊಡ್ಡ ರೂಪ. ಆದ್ದರಿಂದ ಡ್ರಾಯರಿನಲ್ಲಿ ಸತ್ತು ಮಲಗಿದ ಮೂರು ಮೊಬೈಲುಗಳನ್ನು ಮನೆಯಲ್ಲೇ ಕಾಪಾಡುವುದಕ್ಕೆ ಯಾವ ಅರ್ಥವೂ ಇಲ್ಲ. ಉಬ್ಬಿದ ಲಿಥಿಯಂ ಬ್ಯಾಟರಿಯಿಂದ ಬೆಂಕಿಯ ಅಪಾಯವಂತೂ ಇದೆ. ರಿಪೇರಿಯವನ ಕೈಗೋ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೋ ಅವು ಬೇಗ ಸೇರಿದಷ್ಟೂ ಒಳಗಿನ ಭಾಗಗಳಿಗೆ ಬೆಲೆ ಉಳಿದಿರುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷದ ಕೊನೆಗೆ ಪೋರ್ಟಲ್ ಒಂದನ್ನೂ ತೆರೆಯಿತು. ಬೀದಿ ಮೂಲೆಯ ಮೆಕ್ಯಾನಿಕ್‌ಗೆ ಕಂಪನಿಯ ಬಿಡಿಭಾಗ ಮತ್ತು ಕೈಪಿಡಿ ಸುಲಭವಾಗಿ ಸಿಗುವವರೆಗೆ ಆ ಹಕ್ಕು ಅರ್ಧದಾರಿಯಲ್ಲೇ ಇರುತ್ತದೆ.

ಎತ್ತಿಡದೆ ಎಸೆದದ್ದಾದರೂ ಎಲ್ಲಿ ಹೋಗುತ್ತದೆ? ಬೆಂಗಳೂರು ಇದನ್ನು ಕಹಿಯಾಗಿ ಕಲಿತಿದೆ. ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ನಾರುವ ಗಾಳಿ, ಕೆಟ್ಟ ನೀರು ಸಾಕಾಗಿ ಆ ಊರಿನವರು ಲಾರಿಗಳನ್ನು ತಡೆದರು, 2014ರ ಕೊನೆಗೆ ಅಲ್ಲಿಯೂ ನಿಂತಿತು. 2012ರಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ನಗರದಲ್ಲಿ ಕಡ್ಡಾಯವಾಯಿತು, ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಹುಟ್ಟಿಕೊಂಡವು. ಹಸಿರು ದಳದಂಥ ಸಂಸ್ಥೆಗಳ ಯತ್ನದಿಂದ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು, ಕೆಲವು ಕೇಂದ್ರಗಳನ್ನು ಅವರೇ ನಡೆಸತೊಡಗಿದರು. ಹಾಲಿನ ಕವರನ್ನು ತೊಳೆದು ಒಣಗಿಸಿ ಒಂದು ವಾರ ಕೂಡಿಟ್ಟು ಕೊಡುವ ಮನೆ ಅವರಿಗೆ ಮಾರಬಲ್ಲ ಸರಕು ಕೊಟ್ಟಂತೆ. ಸಾರು ಮೆತ್ತಿದ ಪ್ಲಾಸ್ಟಿಕ್ ಕೊಡುವ ಮನೆ ಮಂಡೂರಿನಂಥ ಇನ್ನೊಂದು ಊರಿಗೆ ಹೊರೆ ಕಳಿಸುತ್ತದೆ. ಅಟ್ಟ ತುಂಬಿಸುವುದಕ್ಕಿಂತ ಈ ಒಂದು ವಾರದ ಎತ್ತಿಡುವಿಕೆಗೆ ಇವತ್ತಿನ ನಗರದಲ್ಲಿ ಹೆಚ್ಚು ಬೆಲೆಯಿದೆ.

ಹಾಗೆಂದು ಇದನ್ನು ಮನೆಯವರ ಶಿಸ್ತಿಗೇ ಬಿಟ್ಟರೆ ಸಾಲದು. ಕೊಡೆ ರಿಪೇರಿಯವರು, ಚಪ್ಪಲಿ ಹೊಲಿಯುವವರು, ಬ್ಯಾಗಿನ ಜಿಪ್ ಹಾಕುವವರು ಪೇಟೆಯಿಂದ ಕಾಣೆಯಾಗುತ್ತಿರುವುದಕ್ಕೆ ಗಿರಾಕಿ ಕಡಿಮೆಯಾದದ್ದು ಒಂದು ಕಾರಣ, ಕೂರುವ ಜಾಗ ತಪ್ಪಿದ್ದು ಇನ್ನೊಂದು. ರಸ್ತೆ ಅಗಲವಾದಾಗ, ಫುಟ್‌ಪಾತ್ ಹೊಸದಾದಾಗ ಮೊದಲು ಏಳಬೇಕಾದವರು ಅವರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸರಕು ಮಾರುವವರ ಜೊತೆಗೆ ಬೀದಿಯಲ್ಲಿ ಸೇವೆ ಕೊಡುವವರನ್ನೂ ವ್ಯಾಪಾರಿಗಳೆಂದೇ ಗುರುತಿಸುತ್ತದೆ. ಪ್ರತಿ ಊರಿನ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಎನ್ನುತ್ತದೆ. ತರಕಾರಿ ಗಾಡಿ, ತಿಂಡಿ ಗಾಡಿಗಳಿಗೆ ಜಾಗ ಗುರುತು ಹಾಕುವ ಈ ಸಮಿತಿಗಳು ಪ್ರತಿ ವಾರ್ಡಿನಲ್ಲೂ ರಿಪೇರಿಯವರಿಗೆ ಕೆಲವು ಕಟ್ಟೆಗಳನ್ನು ಮೀಸಲಿಡಬಹುದು. ಬೇಸಿಗೆಯ ಎರಡು ತಿಂಗಳು ಸಮುದಾಯ ಭವನದ ಒಂದು ಮೂಲೆಯನ್ನು ಕೌದಿ ಹೊಲಿಯುವ ಹೆಂಗಸರಿಗೆ ಬಿಟ್ಟುಕೊಡಬಹುದು. ಕಾನೂನು ಈಗಾಗಲೇ ಇದೆ. ವಾರ್ಡಿನವರು ಸಭೆಗೆ ಹೋಗಿ ಹೆಸರು ಹಿಡಿದು ಕೇಳಬೇಕು: ನಮ್ಮ ರಸ್ತೆಯ ಕೊಡೆ ರಿಪೇರಿಯವನಿಗೆ ಜಾಗ ಎಲ್ಲಿ ಕೊಟ್ಟಿದ್ದೀರಿ?